ಬಿಡುವುದು ಬೇರೆ, ಬಚ್ಚಿಡುವುದು ಬೇರೆ

ಪ್ರಶ್ನೆ: ಮೇಡಂ, ನನಗೆ ಸಹಿ ಹಾಕೋಕೆ ಬರುತ್ತೆ, ಕಾಗದ ಬರೆಯೋಕೆ ಬರಲ್ಲ. ನಾನು ಹೇಳ್ತಾ ಇದೀನಿ, ನನ್ನ ತಂಗಿ ಮಗಳು ಬರೀತಾ ಇದಾಳೆ.

ನಾವು ಮೈಸೂರು ಅಶೋಕಪುರಂನೋರು. ನನಗೆ 54 ವರ್ಷ. ಕಾರ್ಪೊರೇಷನ್‌ನಲ್ಲಿ ಪೌರಕಾರ್ಮಿಕಳು. ಯಜಮಾನ್ರು ತೀರ್ಕೊಂಡಾಗ ಮಗ ಮೂರನೇ ಕ್ಲಾಸು. ಆಗ ಹಿಡಿದ ಪೊರಕೆ. ಮೊದಲು ಕಂಟ್ರಾಕ್ಟರ್ ಕೈಕೆಳಗೆ ಇದ್ದೆ. ಎರಡು ಮೂರು ತಿಂಗಳಿಗೊಂದ್ಸಲ ಸಂಬಳ ಬಂದ್ರೆ ಪುಣ್ಯ ಅನ್ನೋ ಕಾಲ ಅದು. ಆಮೇಲೆ ಕಾರ್ಪೊರೇಷನ್‌ನಿಂದಲೇ ನೇರ ಪಾವತಿ ಆಯ್ತು. ಪರ್ಮನೆಂಟ್ ಆಗಿ ಇನ್ನೂ ಎರಡು ವರ್ಷ ತುಂಬಿಲ್ಲ.

ಮಗ ಇಂಜಿನಿಯರಿಂಗ್ ಓದಿ ಹೆಬ್ಬಾಳದ ಕಡೆ ಒಂದು ಕಂಪನೀಲಿದಾನೆ. ಕುಡಿತ ಇಲ್ಲ, ಜೂಜಿಲ್ಲ, ಸಂಬಳ ತಂದು ನನ್ನ ಕೈಗೇ ಕೊಡ್ತಾನೆ. ನಂಜನಗೂಡು ಕಡೆ ಹೆಣ್ಣು ನೋಡಿದೀವಿ. ನಮ್ಮೋರೇ. ಹುಡುಗಿ ತಂದೆ ಹೈಸ್ಕೂಲ್ ಮೇಷ್ಟ್ರು. ಹುಡುಗ ಹುಡುಗಿ ಒಪ್ಕೊಂಡಿದಾರೆ. ಮಗ ಅವರ ಹತ್ರ 'ಅಮ್ಮ ಪಾಲಿಕೇಲಿ ಕೆಲಸದಲ್ಲಿದಾರೆ' ಅಂದಿದಾನೆ. ಅವರು ಆಫೀಸಲ್ಲಿ ಕೂತು ಮಾಡೋ ಕೆಲಸ ಅಂತ ತಿಳ್ಕೊಂಡಿದಾರೆ.

ಈಗ ದಿನಾ ಒಂದೇ ಪಟ್ಟು. 'ಅಮ್ಮ, ನೀನು ದುಡಿದಿದ್ದು ಸಾಕು. ನಿಶ್ಚಿತಾರ್ಥಕ್ಕೆ ಮುಂಚೆ ರಿಸೈನ್ ಮಾಡ್ಬಿಡು. ತಿಂಗಳಿಗೆ ಹತ್ತು ಸಾವಿರ ನಾನು ಕೊಡ್ತೀನಿ.' ಫಾರಂ ಕೂಡ ಟೈಪ್ ಮಾಡಿಸ್ಕೊಂಡು ಬಂದಿದಾನೆ. ಇನ್ನೊಂದು ಮಾತಂದ, ಅದು ನನ್ನ ಹೊಟ್ಟೇಲಿ ಚುಚ್ತಾ ಇದೆ: 'ನಿನ್ನ ವಾರ್ಡಿನ ಹೆಂಗಸರಿಗೆ ಕಾರ್ಡ್ ಕೊಡೋದು ಬೇಡಮ್ಮ, ಅವರು ಬಂದ್ರೆ ಗೊತ್ತಾಗ್ಬಿಡುತ್ತೆ.' ಮೇಡಂ, ಇವನಿಗೆ ಟೈಫಾಯ್ಡ್ ಆದಾಗ ಅವರೇ ದುಡ್ಡು ಕೂಡಿಸಿ ಕೊಟ್ಟಿದ್ದು.

ನಮ್ಮಣ್ಣ ಇಲ್ಲೇ ರೈಲ್ವೆ ವರ್ಕ್‌ಶಾಪಲ್ಲಿ ಫಿಟ್ಟರ್ ಆಗಿ ರಿಟೈರ್ಡ್ ಆದೋರು. ಅವರೂ 'ಹುಡುಗ ಹೇಳೋದ್ರಲ್ಲಿ ತಪ್ಪೇನಿದೆ' ಅಂತಾರೆ. ನನಗೆ ಈ ಕೆಲಸ ಬೇಜಾರಿಲ್ಲ. ಮಂಡಿ ಸ್ವಲ್ಪ ನೋವು, ಅಷ್ಟೇ. ಇನ್ನು ಆರು ವರ್ಷ ಸರ್ವೀಸಿದೆ. ಬಿಟ್ಟು ಮನೇಲಿ ಕೂರಲಾ? ನಾನು ಹಟ ಮಾಡಿ ಮಗನ ಮದುವೆ ಮುರಿದುಬಿದ್ರೆ?

ಹೆಸರು ಬೇಡ, ಅಶೋಕಪುರಂ, ಮೈಸೂರು

ಉತ್ತರ: ಅಮ್ಮಾ, ನಿಮ್ಮ ತಂಗಿಯ ಮಗಳು ಇದನ್ನು ಓದಿ ಹೇಳುತ್ತಾಳೆ ಎಂದುಕೊಂಡು ಬರೆಯುತ್ತಿದ್ದೇನೆ. ನಡುವೆ ನಿಮ್ಮ ಮಗನಿಗೂ ಕೆಲವು ಮಾತುಗಳಿವೆ. ಅದನ್ನು ಅವನೇ ಓದಲಿ.

ಮೊದಲು ದುಡ್ಡಿನ ಮಾತು ಮುಗಿಸೋಣ. ಟೈಪ್ ಮಾಡಿಸಿ ತಂದ ಆ ಫಾರಂಗೆ ಸದ್ಯ ಸಹಿ ಹಾಕಬೇಡಿ. ರಾಜೀನಾಮೆ ಬೇರೆ, ಸ್ವಯಂ ನಿವೃತ್ತಿ ಬೇರೆ. ರಾಜೀನಾಮೆ ಕೊಟ್ಟರೆ ಅಲ್ಲಿಯವರೆಗಿನ ಸೇವೆ ಲೆಕ್ಕಕ್ಕೆ ಬರುವುದಿಲ್ಲ. ಗ್ರಾಚ್ಯುಯಿಟಿಗೆ ಸಾಮಾನ್ಯವಾಗಿ ಐದು ವರ್ಷದ ಸೇವೆಯಾಗಿರಬೇಕು, ನೀವು ಪರ್ಮನೆಂಟ್ ಆಗಿ ಎರಡು ವರ್ಷವೂ ಆಗಿಲ್ಲ. ಸಂಬಳದಲ್ಲಿ ಪಿಂಚಣಿಗೆಂದು ಎನ್‌ಪಿಎಸ್ ಕಡಿತವಾಗುತ್ತಿದ್ದರೆ ಇನ್ನೊಂದು ವಿಷಯ ತಿಳಿದಿರಿ. 60ಕ್ಕೆ ನಿವೃತ್ತರಾದರೆ ಕೂಡಿದ ಹಣದಲ್ಲಿ ಶೇ 60ರವರೆಗೆ ಒಟ್ಟಿಗೆ ಕೈಗೆ ಬರುತ್ತದೆ. ನಡುವೆ ಬಿಟ್ಟರೆ ಸಾಮಾನ್ಯವಾಗಿ ಶೇ 20 ಮಾತ್ರ, ಕೂಡಿದ್ದು ತೀರಾ ಕಡಿಮೆಯಿದ್ದರೆ ನಿಯಮ ಬೇರೆ. ಏಳನೇ ರಾಜ್ಯ ವೇತನ ಆಯೋಗದ ಪ್ರಕಾರ 2024ರ ಆಗಸ್ಟ್‌ನಿಂದ ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲವೇತನವೇ 27,000 ರೂಪಾಯಿ. ಮಗ ಕೊಡುತ್ತೇನೆನ್ನುವ ಹತ್ತು ಸಾವಿರದ ಪಕ್ಕದಲ್ಲಿ ನಿಮ್ಮ ಸಂಬಳ ಚೀಟಿ ಇಟ್ಟು ನೋಡಿ. ಆರು ವರ್ಷದ ಸಂಬಳ ಎಷ್ಟಾಗುತ್ತದೆಂದು ತಂಗಿಯ ಮಗಳ ಕೈಲಿ ಲೆಕ್ಕ ಹಾಕಿಸಿ. ನಿಮ್ಮ ವಿಷಯದಲ್ಲಿ ಯಾವ ನಿಯಮ ಅನ್ವಯವಾಗುತ್ತದೆಂದು ಕಚೇರಿಯಲ್ಲಿ ಬರಹದಲ್ಲೇ ಕೇಳಿ. ಬಾಯಿಮಾತು ಬೇಡ.

ಆದರೆ ನೀವು ಲೆಕ್ಕ ಕೇಳಲು ಕಾಗದ ಬರೆಸಿದವರಲ್ಲ. ಚುಚ್ಚುತ್ತಿರುವುದು ಬೇರೆ.

ಮಗ ಎರಡು ಮಾತು ಹೇಳುತ್ತಿದ್ದಾನೆ. 'ಅಮ್ಮ, ದುಡಿದಿದ್ದು ಸಾಕು' ಎಂಬುದು ಒಂದು. 'ಯಾರಿಗೂ ಗೊತ್ತಾಗುವುದು ಬೇಡ' ಎಂಬುದು ಇನ್ನೊಂದು. ಮೊದಲನೆಯದು ಪ್ರೀತಿಯಿಂದ ಬಂದದ್ದು, ಎರಡನೆಯದು ಭಯದಿಂದ. ಎರಡನ್ನೂ ಸೇರಿಸಿ ಒಂದೇ ಮಾತಿನಂತೆ ಹೇಳುತ್ತಿರುವುದರಿಂದ ನಿಮಗೆ ಉತ್ತರ ಕೊಡಲು ಆಗುತ್ತಿಲ್ಲ. ಬಿಡಿಸಿ ನೋಡೋಣ.

'ಸಾಕು' ಎಂಬ ಮಾತಿಗೆ ಬೆಲೆಯಿದೆ. ನಿಮ್ಮ ಬೀದಿಯಲ್ಲಿ ಪ್ರತಿ ಏಪ್ರಿಲ್ 14ಕ್ಕೆ ಯಾರ ಪಟಕ್ಕೆ ಹಾರ ಹಾಕುತ್ತೀರೋ ಆ ಬಾಬಾಸಾಹೇಬ್ ಅಂಬೇಡ್ಕರರೇ 1927ರ ಮಹಾಡ್ ಸಮ್ಮೇಳನದ ಕಾಲದಿಂದ, ಹುಟ್ಟಿನ ಕಾರಣಕ್ಕೆ ತಲೆಗೆ ಕಟ್ಟಿದ ಕಸುಬುಗಳನ್ನು ಬಿಡಿ ಎಂದು ತಮ್ಮ ಜನರಿಗೆ ಹೇಳಿದವರು. ಕಸ ಎತ್ತುವುದನ್ನು ಪುಣ್ಯಕಾರ್ಯವೆಂದು ಹೊಗಳಿ, ಎತ್ತುವವರನ್ನು ಅಲ್ಲೇ ಇರಿಸುವ ಜಾಣತನ ಅವರಿಗೆ ಒಪ್ಪಿಗೆಯಿರಲಿಲ್ಲ. ನಮ್ಮ ರಾಜ್ಯದಲ್ಲೂ 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಬದುಕಿನ ಪಾಡನ್ನು ಸರ್ಕಾರದ ಮುಂದಿಟ್ಟಿತು. ಹಾಗಾಗಿ 'ಇದು ನನ್ನ ಮುಂದಿನ ತಲೆಮಾರಿಗೆ ಬೇಡ' ಎಂದು ಒಬ್ಬ ತಾಯಿ, 'ನನ್ನ ತಾಯಿಗೆ ಇನ್ನು ಬೇಡ' ಎಂದು ಒಬ್ಬ ಮಗ ಹೇಳಿದರೆ ಅದು ಕೆಲಸಕ್ಕೆ ಮಾಡುವ ಅವಮಾನವಲ್ಲ. ನಾನೂ ನಿಮಗೆ 'ಎಂಥ ದೊಡ್ಡ ಕೆಲಸ ನಿಮ್ಮದು' ಎಂದು ಹೊಗಳಿ ಸುಮ್ಮನಾಗುವುದಿಲ್ಲ. ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನ ಶಾಲು ಹೊದಿಸಿ, ಮರುದಿನ ಹರಿದ ಗ್ಲೌಸು ಬದಲಿಸಿಕೊಡಲು ಸತಾಯಿಸುವವರ ಹೊಗಳಿಕೆ ನಿಮಗೆ ಸಾಕಾಗಿರುತ್ತದೆ.

ಮಂಡಿ ನೋವು ಹೆಚ್ಚಾಗಿ ಇನ್ನು ಆಗುವುದಿಲ್ಲ ಎಂದು ನಿಮಗೇ ಅನ್ನಿಸಿದರೆ ಬಿಡಿ. ಮೊಮ್ಮಕ್ಕಳ ಜೊತೆ ಇರಬೇಕು ಎನಿಸಿದರೂ ಬಿಡಿ. ಅದನ್ನು ಯಾರೂ ಪ್ರಶ್ನಿಸಲಾರರು. ಆದರೆ ನಂಜನಗೂಡಿನವರು ಏನಂದುಕೊಳ್ಳುತ್ತಾರೋ ಎಂದು ಬಿಟ್ಟರೆ ನೀವು ಕೆಲಸ ಬಿಟ್ಟ ಹಾಗಾಗಲಿಲ್ಲ, ಬಚ್ಚಿಟ್ಟ ಹಾಗಾಯಿತು. ಹದಿನೆಂಟು ಇಪ್ಪತ್ತು ವರ್ಷದ ದುಡಿಮೆಯನ್ನು ಇಲ್ಲವೆಂದು ಹೇಳಿಕೊಂಡೇ ಉಳಿದ ಬದುಕು ಕಳೆಯಬೇಕಾಗುತ್ತದೆ. ಬೀಗರ ಮನೆಗೆ ಹೋದಾಗಲೆಲ್ಲ ಯಾರಾದರೂ 'ನೀವು ಯಾವ ಸೆಕ್ಷನ್ನಿನಲ್ಲಿದ್ದಿರಿ' ಎಂದು ಕೇಳಿಯಾರೆಂಬ ಅಳುಕು ಇದ್ದೇ ಇರುತ್ತದೆ.

ಈ ಬಚ್ಚಿಡುವಿಕೆ ನಿಮ್ಮ ಮಗ ಕಂಡುಹಿಡಿದದ್ದಲ್ಲ. ಮೈಸೂರನ್ನು ಕಟ್ಟಿದ್ದೇ ಹಾಗೆ. ಪ್ಲೇಗಿನ ನಂತರ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಊರಿನ ಹೊಸ ಬಡಾವಣೆಗಳು ಎದ್ದಾಗ ಮನೆಯ ಮುಂದೆ ಅಗಲವಾದ ರಸ್ತೆ, ಹಿಂದೆ ಒಂದು ಕಿರಿದಾದ ಓಣಿ ಬಿಟ್ಟರು. ಆ ಓಣಿಗಳನ್ನು ಮೈಸೂರಿನವರು ಇಂದಿಗೂ ಕನ್ಸರ್ವೆನ್ಸಿ ಎನ್ನುತ್ತಾರೆ. ಕಕ್ಕಸು ತೊಳೆಯುವವರು ಮುಂಬಾಗಿಲಿನವರ ಕಣ್ಣಿಗೆ ಬೀಳದೆ ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಲೆಂದು ಮಾಡಿದ ದಾರಿ ಅದು. ಊರು ಚೊಕ್ಕಟವಾಗಿರಬೇಕು, ಚೊಕ್ಕಟ ಮಾಡುವವರು ಕಾಣಬಾರದು. ಈಗ ಕಕ್ಕಸಿನ ಬಕೆಟ್ಟು ಹೋಗಿ ಒಳಚರಂಡಿ ಬಂದಿದೆ, ಓಣಿಗಳಲ್ಲಿ ಸ್ಕೂಟರು ನಿಲ್ಲಿಸುತ್ತಾರೆ. ಆದರೆ ನಿಮ್ಮ ಮಗ, ತನಗೆ ಗೊತ್ತಿಲ್ಲದೆಯೇ, ತನ್ನ ಮದುವೆ ಮನೆಗೂ ಒಂದು ಕನ್ಸರ್ವೆನ್ಸಿ ಕಟ್ಟಲು ಹೊರಟಿದ್ದಾನೆ. ನಿಮ್ಮ ವಾರ್ಡಿನ ಹೆಂಗಸರನ್ನು ಆ ದಾರಿಗೆ ತಳ್ಳುತ್ತಿದ್ದಾನೆ. ನಿಮಗೆ ಚುಚ್ಚಿದ್ದು ಅದೇ, ಮತ್ತು ಚುಚ್ಚಬೇಕಾದದ್ದೇ.

ಜನ ಈ ಕೆಲಸವನ್ನು ಏಕೆ ಕೀಳಾಗಿ ನೋಡುತ್ತಾರೆ? ಕೊಳೆ ಮುಟ್ಟುವ ಕೆಲಸ ಎಂದು ತಾನೇ? ಅದು ನಿಜವಾದ ಕಾರಣವಲ್ಲ. ನಿಮ್ಮ ಅಣ್ಣ ವರ್ಕ್‌ಶಾಪಿನಿಂದ ಬರುವಾಗ ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡೇ ಬಂದಿರುತ್ತಾರೆ. ರಿಪೇರಿಗೆ ಬಂದ ಬೋಗಿಯ ಅಡಿಯಲ್ಲಿ ಏನೇನು ಅಂಟಿರುತ್ತದೆ ಎಂದು ಅವರನ್ನೇ ಕೇಳಿ. ಬೀದಿಯಲ್ಲಿ ಅವರಿಗೆ 'ರೈಲ್ವೆಯವರು' ಎಂದು ಮರ್ಯಾದೆ. ಕೆ.ಆರ್. ಆಸ್ಪತ್ರೆಯ ಡಾಕ್ಟರು ಕೀವು ತೊಳೆಯುತ್ತಾರೆ, ಲ್ಯಾಬಿನವರು ಮಲಮೂತ್ರ ಪರೀಕ್ಷಿಸುತ್ತಾರೆ. ಅವರ ಮನೆಯಿಂದ ಹೆಣ್ಣು ತರಲು ಸಾಲು ನಿಲ್ಲುತ್ತದೆ. ಕೊಳೆಯ ಮೇಲೆ ಯಾರಿಗೂ ಅಷ್ಟು ಸಿಟ್ಟಿಲ್ಲ. ಯಾರ ಕೈಲಿ ಆ ಕೊಳೆಯನ್ನು ಎತ್ತಿಸುತ್ತ ಬಂದೆವು ಎಂಬುದರ ಮೇಲೆ ಈ ಕೀಳುನೋಟ ನಿಂತಿದೆ. ಜಾತಿಯಿಂದ ಬಂದ ಅಳತೆಗೋಲನ್ನು ಕೆಲಸದ ಮೇಲಿಟ್ಟು ಅಳೆಯುತ್ತೇವೆ.

ಇದರ ಕಹಿಯಾದ ಭಾಗವನ್ನೂ ಹೇಳಬೇಕು. ನಿಮ್ಮನ್ನು ಕೀಳೆಂದು ಕಾಣುತ್ತಾರೇನೋ ಎಂದು ನೀವು ಅಂಜುತ್ತಿರುವ ಬೀಗರು 'ನಮ್ಮೋರೇ'. ನಿಮ್ಮ ಅಣ್ಣ ನಿಮ್ಮ ಒಡಹುಟ್ಟಿದವರು. ಅಶೋಕಪುರಂನಂಥ ಬೀದಿಯಲ್ಲಿ ಒಂದೇ ಸಾಲಿನಲ್ಲಿ ರೈಲ್ವೆಯವರು, ಬ್ಯಾಂಕಿನವರು, ಮೇಷ್ಟ್ರು, ಪೇಂಟರು, ಪೌರಕಾರ್ಮಿಕರು ಇರುತ್ತಾರೆ. ಹೊರಗಿನವರು ಎಲ್ಲರನ್ನೂ ಒಂದೇ ಕಣ್ಣಿನಲ್ಲಿ ನೋಡಿದ್ದರೂ, ಒಳಗೆ ಒಂದು ಮೆಟ್ಟಿಲು ಮೇಲೆ ಹೋದವರು ಕೆಳಗಿನ ಮೆಟ್ಟಿಲನ್ನು ಮರೆಯಲು ನೋಡುತ್ತಾರೆ. ಅಂಬೇಡ್ಕರ್ ಶ್ರೇಣೀಕೃತ ಅಸಮಾನತೆ ಎಂದು ತೋರಿಸಿಕೊಟ್ಟ ರೋಗ ಇದೇ: ಪ್ರತಿಯೊಬ್ಬರಿಗೂ ತಮಗಿಂತ ಕೆಳಗೆ ಇನ್ನೊಬ್ಬರು ಸಿಗುತ್ತಾರೆ, ಹಾಗಾಗಿ ಏಣಿಯನ್ನೇ ಕೆಡವೋಣ ಎಂದು ಯಾರೂ ಹೊರಡುವುದಿಲ್ಲ. ಅಣ್ಣನಿಗೆ ಇದನ್ನು ಬೈಗುಳದಂತೆ ಹೇಳಬೇಡಿ. 'ಅಣ್ಣಾ, ನಿನ್ನ ಕೈಲಿ ಗ್ರೀಸಿದ್ದಾಗ ನಾನು ನಿನ್ನನ್ನು ಬಚ್ಚಿಡಲಿಲ್ಲ' ಎಂದು ಒಂದು ಸಲ ಹೇಳಿ, ಸುಮ್ಮನಿರಿ.

ಮತ್ತೊಂದು ಸಂಗತಿ ನೆನಪಿಸಿಕೊಳ್ಳಿ. ನಿಮ್ಮ ಪರ್ಮನೆಂಟ್ ಆರ್ಡರು ಹೇಗೆ ಬಂತು? 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಕೆಲಸ ನಿಲ್ಲಿಸಿ ಬೀದಿಗೆ ಬಂದು ಕೂತರು. ಹೆಚ್ಚಿನವರು ನಿಮ್ಮಂಥ ಹೆಂಗಸರೇ. ಅದಾದ ಮೇಲೆ ಆ ವರ್ಷವೇ 11,133 ಪೌರಕಾರ್ಮಿಕರನ್ನು ಕಾಯಂ ಮಾಡಲು ಸಚಿವ ಸಂಪುಟ ತೀರ್ಮಾನಿಸಿತು. ಟಿ.ವಿ. ಕ್ಯಾಮೆರಾ ಮುಂದೆ 'ನಾನು ಕಸ ಗುಡಿಸುವವಳು, ನನಗೆ ಇಷ್ಟು ಬರಬೇಕು' ಎಂದು ಮುಖ ಮುಚ್ಚಿಕೊಳ್ಳದೆ ಹೇಳಿದವರಿಗೂ ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿದ್ದರು. ಅವರು ನೆಂಟರಿಗೆ ಹೆದರಿ ಹಿಂದೆ ಸರಿದಿದ್ದರೆ ರಾಜೀನಾಮೆ ಕೊಡಲು ನಿಮಗೊಂದು ಕಾಯಂ ಕೆಲಸವೇ ಇರುತ್ತಿರಲಿಲ್ಲ.

ಇನ್ನು ಬೀಗರ ವಿಷಯ. ಇದು ತಿಳಿಯಲೇಬೇಕಾದದ್ದು, ನಿಶ್ಚಿತಾರ್ಥಕ್ಕೆ ಮುಂಚೆ ತಿಳಿಯಬೇಕಾದದ್ದು. ನಂಜನಗೂಡಿಗೂ ಮೈಸೂರಿಗೂ ಇಪ್ಪತ್ತು ಚಿಲ್ಲರೆ ಕಿಲೋಮೀಟರು. ಈ ಗುಟ್ಟು ಅಷ್ಟು ದೂರ ನಡೆಯಲು ಹೆಚ್ಚು ದಿನ ಬೇಕಿಲ್ಲ. ಆಮೇಲೆ ಗೊತ್ತಾದರೆ ಅವರು ನಿಮ್ಮ ಕೆಲಸದ ಬಗ್ಗೆ ಮಾತಾಡುವುದಿಲ್ಲ, 'ಸುಳ್ಳು ಹೇಳಿದರು' ಎನ್ನುತ್ತಾರೆ. ಆಗ ನ್ಯಾಯ ಅವರ ಕಡೆಗಿರುತ್ತದೆ.

ಹೇಳಬೇಕಾದವನು ಮಗ. ಮೊದಲು ಹುಡುಗಿಗೆ, ಆಮೇಲೆ ಅವಳ ತಂದೆತಾಯಿಗೆ. ಹೇಳುವ ರೀತಿ ನೇರವಾಗಿರಲಿ: 'ನಮ್ಮಮ್ಮ ಪೌರಕಾರ್ಮಿಕರು, ಕಾಯಂ ನೌಕರಿ, ಇನ್ನು ಆರು ವರ್ಷ ಸೇವೆಯಿದೆ. ಮೊದಲೇ ಸರಿಯಾಗಿ ಹೇಳಬೇಕಿತ್ತು.' ಇಷ್ಟೇ. 'ಪಾಪ, ಕಷ್ಟ ಇತ್ತು, ವಿಧಿಯಿಲ್ಲದೆ' ಎಂಬ ಪೀಠಿಕೆ ಬೇಡ, ತ್ಯಾಗಮಯಿ ತಾಯಿಯ ಕಥೆಯೂ ಬೇಡ. ಮೇಷ್ಟ್ರು ತಮ್ಮ ಕೆಲಸ ಹೇಳುವಾಗ ಯಾರ ಕ್ಷಮೆಯನ್ನೂ ಕೇಳುವುದಿಲ್ಲವಲ್ಲ.

ಅವರು ಪ್ರಶ್ನೆ ಕೇಳಬಹುದು. ಎಷ್ಟೋ ಸಲ ಕೀಳುನೋಟದ ಅರ್ಧ ಭಾಗ ಬರೀ ತಿಳಿಯದಿರುವುದು. ಮ್ಯಾನ್‌ಹೋಲಿಗೆ ಇಳಿಯುತ್ತೀರಾ ಎಂದು ಕೇಳಿದರೆ, ಸುರಕ್ಷತಾ ಸಾಧನಗಳಿಲ್ಲದೆ ಒಳಚರಂಡಿಗೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ, ನನ್ನ ಕೆಲಸ ರಸ್ತೆ ಮತ್ತು ಕಸದ್ದು ಎಂದು ಹೇಳಿ. ಯಾರು ಬೇಕಾದರೂ ಮಾಡಬಹುದಾದ ಕೆಲಸ ಎಂಬ ಧಾಟಿ ಬಂದರೆ ನಿಮ್ಮ ಒಂದು ದಿನವನ್ನು ಹೇಳಿ: ಬೆಳಗಾಗುವ ಹೊತ್ತಿಗೆ ಹಾಜರಿ, ಯಾವ ರಸ್ತೆಯನ್ನು ಗಾಡಿ ಓಡಾಟಕ್ಕೆ ಮುಂಚೆ ಮುಗಿಸಬೇಕು, ಎಲೆ ಉದುರುವ ತಿಂಗಳಲ್ಲಿ ಮರದ ಸಾಲಿನ ರಸ್ತೆಗೆ ಎಷ್ಟು ಹೆಚ್ಚು ಹೊತ್ತು ಬೇಕು, ಮಳೆ ಬರುವ ಮುಂಚೆ ಯಾವ ಮೋರಿಯ ಬಾಯಿ ಬಿಡಿಸದಿದ್ದರೆ ಯಾರ ಮನೆಗೆ ನೀರು ನುಗ್ಗುತ್ತದೆ, ಹಸಿ ಕಸದಲ್ಲಿ ಗಾಜಿದೆ ಎಂದು ಚೀಲ ಎತ್ತುವಾಗಲೇ ಹೇಗೆ ಗೊತ್ತಾಗುತ್ತದೆ, ಜಂಬೂಸವಾರಿ ಮುಗಿದ ರಾತ್ರಿ ಸಯ್ಯಾಜಿರಾವ್ ರಸ್ತೆ ಹೇಗಿರುತ್ತದೆ. 2015ರಲ್ಲೂ 2016ರಲ್ಲೂ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೈಸೂರು ಮೊದಲು ನಿಂತಾಗ ಊರವರೆಲ್ಲ ಹೆಮ್ಮೆಪಟ್ಟರು. ಆಗ ಪೊರಕೆ ಯಾರ ಕೈಲಿತ್ತು ಎಂಬುದನ್ನು ಹೇಳಲು ನೀವು ನಾಚಬೇಕಿಲ್ಲ.

ಇಷ್ಟೆಲ್ಲ ಆದಮೇಲೂ ಅವರು ಬೇಡ ಎನ್ನಬಹುದು. ಹಾಗೆ ಆಗುವುದೇ ಇಲ್ಲ ಎಂದು ನಾನು ಭರವಸೆ ಕೊಡಲಾರೆ. ಆದರೆ ಆ ಮದುವೆ ಮುರಿದದ್ದು ನಿಮ್ಮ ಹಟದಿಂದಲ್ಲ. ನಿಮ್ಮ ಕೆಲಸ ಕೇಳಿ ಹಿಂದೆ ಸರಿಯುವ ಮನೆ, ಮುಂದೆ ನಿಮ್ಮ ಮಗನ ಕೆಲಸ ಹೋದ ದಿನವೂ ಹಾಗೆಯೇ ಮುಖ ತಿರುಗಿಸುತ್ತದೆ. ಕಂಪನಿಗಳಲ್ಲಿ ಆ ದಿನ ಯಾರಿಗೆ ಬಂದೀತೆಂದು ಹೇಳಲಾಗದು. ಇನ್ನೊಂದು ಸಾಧ್ಯತೆಯೂ ಇದೆ. ಆ ಮೇಷ್ಟ್ರ ಮನೆಯಲ್ಲೇ, ಎರಡು ತಲೆಮಾರಿನ ಹಿಂದೆ, ಅವರು ಯಾರಿಗೂ ಹೇಳದ ಒಂದು ಕೆಲಸ ಇದ್ದಿರಬಹುದು.

ಮಗನಿಗೆ: ನೀನು ಕೆಟ್ಟವನಲ್ಲ ಎಂದು ನಿನ್ನ ತಾಯಿ ಹೇಳಿದ್ದಾರೆ, ನಾನು ನಂಬುತ್ತೇನೆ. ಶಾಲೆಯಲ್ಲಿ, ಕಾಲೇಜಿನಲ್ಲಿ ಅಪ್ಲಿಕೇಷನ್ನಿನ 'ಪೋಷಕರ ಉದ್ಯೋಗ' ಎಂಬ ಗೆರೆಯ ಮುಂದೆ ನೀನು ಎಷ್ಟು ಸಲ ಪೆನ್ನು ಹಿಡಿದು ತಡೆದಿರಬಹುದೆಂದು ಊಹಿಸಬಲ್ಲೆ. ಆ ಮುಜುಗರವನ್ನು ನಿನ್ನೊಳಗೆ ಇಟ್ಟವರು ಬೇರೆಯವರು. ಅದಕ್ಕೆ ನೀನು ಹೊಣೆಯಲ್ಲ. ಆದರೆ ಅದರ ಬೆಲೆಯನ್ನು ತಾಯಿಯ ಸೇವೆ, ಸಂಬಳ, ಗೆಳತಿಯರಿಂದ ಕಟ್ಟಿಸಿದರೆ ಅದಕ್ಕೆ ನೀನೇ ಹೊಣೆ. ಅವರನ್ನು ಈ ಕೆಲಸದಿಂದ ಬಿಡಿಸುವ ಆಸೆ ನಿಜವಾಗಿದ್ದರೆ ಅದಕ್ಕೆ ನಿಶ್ಚಿತಾರ್ಥದ ಗಡುವು ಏಕೆ? ಮಂಡಿಯನ್ನು ಡಾಕ್ಟರಿಗೆ ತೋರಿಸು. ಸರಿಯಾದ ಗ್ಲೌಸು, ಬೂಟು ಕೊಡುತ್ತಿದ್ದಾರೆಯೇ ಎಂದು ವಿಚಾರಿಸು, ಕೊಡದಿದ್ದರೆ ಅವರ ಪರವಾಗಿ ಅರ್ಜಿ ಬರೆ. ನಿನ್ನ ಇಂಗ್ಲಿಷು, ಕಂಪ್ಯೂಟರು ಅಲ್ಲಿ ಉಪಯೋಗಕ್ಕೆ ಬರಲಿ. ಇನ್ನು ನಿನ್ನ ಹುಡುಗಿಗೆ ನೀನು ಹೇಳುವ ಮೊದಲ ದೊಡ್ಡ ಮಾತೇ ಅರೆಸತ್ಯವಾಗಬಾರದು. ಅವಳು ಈ ಮನೆಗೆ ಬಂದ ಮೇಲೆ ಅತ್ತೆ ಬೆಳಿಗ್ಗೆ ಐದಕ್ಕೇ ಎದ್ದು ಎಲ್ಲಿಗೆ ಹೋಗುತ್ತಿದ್ದರು ಎಂಬುದನ್ನು ಪಕ್ಕದ ಮನೆಯವರಿಂದ ತಿಳಿಯುವಂತಾದರೆ, ಅವಳು ಅನುಮಾನಪಡುವುದು ಅತ್ತೆಯನ್ನಲ್ಲ, ನಿನ್ನನ್ನು.

ಓದುಗರಿಗೆ: ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ, ವಿಜಯನಗರದ ಮನೆಗಳಲ್ಲಿ ಇದನ್ನು ಓದಿ 'ಅಯ್ಯೋ ಪಾಪ' ಎನ್ನುತ್ತಿರುವವರಿಗೆ ಎರಡೇ ಮಾತು. ಒಡೆದ ಗಾಜನ್ನೂ ಬಳಸಿದ ಪ್ಯಾಡನ್ನೂ ಕಾಗದದಲ್ಲಿ ಸುತ್ತಿ ಗುರುತು ಹಾಕಿ ಬೇರೆ ಕೊಡಿ. 2016ರ ಘನತ್ಯಾಜ್ಯ ನಿಯಮಗಳೂ ಕಸ ವಿಂಗಡಿಸಿ ಕೊಡುವುದು ಮನೆಯವರ ಕರ್ತವ್ಯ ಎಂದವು, ಅದು ಉಪಕಾರವಲ್ಲ. ಮತ್ತು ನೀರು ಕೇಳಿದರೆ ನೀವು ಕುಡಿಯುವ ಲೋಟದಲ್ಲೇ ಕೊಡಿ. ಒಬ್ಬ ಇಂಜಿನಿಯರ್ ಹುಡುಗ ತನ್ನ ತಾಯಿಯನ್ನು ಬಚ್ಚಿಡಲು ಕಲಿಯುವುದು ಇಂಥ ಮನೆಗಳ ಗೇಟಿನ ಮುಂದೆಯೇ.

ಅಮ್ಮಾ, ಕೊನೆಯದಾಗಿ. ಈ ವಾರ ಮಗನನ್ನು ಕೂರಿಸಿಕೊಂಡು ಮಾತಾಡಿ. ಅಳಬೇಡಿ, ಶಪಿಸಬೇಡಿ, 'ನಿನಗೋಸ್ಕರ ಏನೆಲ್ಲ ಮಾಡಿದೆ' ಎಂಬ ಪಟ್ಟಿಯನ್ನೂ ತೆಗೆಯಬೇಡಿ. 'ಕೆಲಸ ಯಾವಾಗ ಬಿಡಬೇಕೆಂದು ನಾನು ತೀರ್ಮಾನ ಮಾಡ್ತೀನಿ. ಅವರಿಗೆ ಯಾವತ್ತು ಹೇಳ್ತೀಯ ಅಂತ ನೀನು ತೀರ್ಮಾನ ಮಾಡು, ಆದ್ರೆ ನಿಶ್ಚಿತಾರ್ಥಕ್ಕೆ ಮುಂಚೆ' ಎಂದು ಹೇಳಿ. ಕಾರ್ಡು ಹಂಚುವ ಪಟ್ಟಿಯಲ್ಲಿ ನಿಮ್ಮ ವಾರ್ಡಿನ ಹೆಂಗಸರ ಹೆಸರನ್ನು ತಂಗಿಯ ಮಗಳ ಕೈಲಿ ಈಗಲೇ ಬರೆಸಿಡಿ, ಟೈಫಾಯ್ಡಿಗೆ ದುಡ್ಡು ಕೂಡಿಸಿದವರು ಮೊದಲು ಬರಲಿ. ಮದುವೆಗೆಂದು ಕಚೇರಿಗೆ ಕಾಗದ ಕೊಡಲೇಬೇಕಿದ್ದರೆ ಅದು ಗಳಿಕೆ ರಜೆಯ ಅರ್ಜಿಯಾಗಿರಲಿ. ಒಂದು ವಾರದ್ದೇ ಕೇಳಿ, ಮಗನ ಮದುವೆ ಎಂದು ಕಾರಣ ಬರೆಸಿ, ಸಹಿಯನ್ನು ನೀವೇ ಹಾಕಿ.